ಬದಲಿ

ಸೋಮಯಾಜಿಗಳು ಒಳಗೆ ಬಂದವರೇ ಮೊದಲು ನೋಡಿದ್ದು
ದೇವರ ಕಡೆಗಲ್ಲ, ಚಾವಣಿಯ ಕಡೆಗೆ.
ಅಲ್ಲೊಂದು ಹೊಗೆ ಹಿಡಿಯುವ ಬಿಳಿ ಬಿಲ್ಲೆ,
ನಡುವೆ ಸಾಸಿವೆಯಷ್ಟು ಕೆಂಪು.
‘ಶವರ್ ಕ್ಯಾಪ್ ಇದೆಯೇನಮ್ಮ?’
ಸ್ಟೂಲು ಹತ್ತಿ, ಮಗುವಿಗೆ ಕುಲಾವಿ ಕಟ್ಟುವ ಹಾಗೆ
ಅದಕ್ಕೆ ತೊಡಿಸಿ ಇಳಿದರು.

ರುವೈಸಿನಲ್ಲಿ ವಾರಕ್ಕೆ ಆರು ದಿನ
ಅವರು ಸೇಫ್ಟಿ ಆಫೀಸರು.
ಅವರ ಸಹಿ ಬೀಳದೆ ರಿಫೈನರಿಯೊಳಗೆ
ಒಂದು ಕಿಡಿ ಹಾರುವಂತಿಲ್ಲ.
ಏಳನೆಯ ದಿನ ಪಂಚೆ.
ಅಜ್ಜನ ಮುತ್ತಜ್ಜ ಯಾಗ ಮಾಡಿ ತಂದ ಹೆಸರು
ಈಗ ಗೇಟ್ ಪಾಸಿನಲ್ಲಿ
ಎರಡು ಲಿಪಿಗಳಲ್ಲಿ ಎರಡು ಥರ ತಪ್ಪಾಗಿದೆ.

ಕಲಶಕ್ಕೆ ನಲ್ಲಿಯ ನೀರು.
ವರುಣನನ್ನು ಕರೆದರು.
ನನಗೆ ನಗು ಬಂತು, ನುಂಗಿಕೊಂಡೆ.
ಆ ನೀರು ನನಗೆ ಗೊತ್ತು.
ನಿನ್ನೆ ರಾತ್ರಿಪಾಳಿಯಲ್ಲಿ ನಾನೇ ಅಳೆದು ಬಿಟ್ಟದ್ದು.
ಕಡಲಾಗಿ ಬಂದು, ಪೊರೆ ದಾಟಿ ಪೊರೆ ದಾಟಿ
ಉಪ್ಪೆಲ್ಲ ಕಳಚಿಟ್ಟು,
ತೀರಾ ಸಪ್ಪೆಯಾಯಿತೆಂದು ಚಿಟಿಕೆ ಸುಣ್ಣ ಕೂಡಿಸಿಕೊಂಡು
ಪೈಪಿಗೆ ಇಳಿದದ್ದು.
ಸುಳ್ಳಾಡಿದವನ ಕಾಲಿಗೆ ಪಾಶ ಬೀಸುತ್ತಿದ್ದವನು,
‘ನಾನು ಮಾಡಿದ ತಪ್ಪಾದರೂ ಏನು’ ಎಂದು
ಋಷಿಗಳನ್ನೇ ಅಳಿಸಿದವನು,
ಈಗ ತಾಮ್ರದ ಚೊಂಬಿನಲ್ಲಿ,
ಎಂಟು ದಿರ್ಹಮಿನ ಐದು ಮಾವಿನೆಲೆ ಕೆಳಗೆ,
ಒಂದೂವರೆ ಗಂಟೆ ಕೂತು ಏಳುವ ಅತಿಥಿ.

ಇಂದ್ರನಿಗೆ ಪೂರ್ವದಲ್ಲೊಂದು ಅಡಿಕೆ.
ಅಗ್ನಿಗೆ ಮೂಲೆಯಲ್ಲಿ ಇನ್ನೊಂದು.
ನಿವೃತ್ತರನ್ನು ಕಂಪನಿಯ ಊಟಕ್ಕೆ ಕರೆದು
ಕಂಬದ ಹಿಂದೆ ಕುರ್ಚಿ ಹಾಕಿದ ಹಾಗೆ.
ನಡುವಿನ ಪೀಠ ಸತ್ಯನಾರಾಯಣನದು,
ಒತ್ತಿಗೆ ಕಟೀಲಿನ ಅಮ್ಮ, ಮಂತ್ರಾಲಯದ ರಾಯರು,
ಫ್ರಿಜ್ಜಿನಿಂದ ಕಿತ್ತು ತಂದ ಅಯಸ್ಕಾಂತದ ಗಣಪ.

ಅರ್ಥ ನನಗೆ ಹತ್ತುವುದಿಲ್ಲ.
ಆದರೆ ಆ ದನಿ! ಏರಿ, ತುಸು ತಗ್ಗಿ, ನಿಂತು,
ಮತ್ತೆ ಏರಿ,
ಕತ್ತಲಲ್ಲಿ ಸಾರುವೆಯ ಹಲಗೆ ಮೇಲೆ ನಡೆವವನ ಹಾಗೆ
ಒಂದು ಹೆಜ್ಜೆಯೂ ತಪ್ಪದೆ.

ಋತ್ವಿ, ಫೋನಿನಲ್ಲಿ ಹುಡುಕಿ ಹೆಸರಿಟ್ಟ ನನ್ನ ಮಗಳು, ಕೇಳಿದಳು:
‘ಅಂಕಲ್, ನೀವು ಹೇಳಿದ್ದರಲ್ಲಿ
ಈ ಫೋಟೋದವರ ಹೆಸರೇ ಬರಲಿಲ್ಲವಲ್ಲ?’
ಅವರು ಗಂಟೆ ಕೆಳಗಿಟ್ಟರು.
‘ನಿಮ್ಮ ಮನೆ ಬಾಗಿಲಿಗೆ ಟಪಾಲು ಬರುತ್ತದೇನಮ್ಮ?
ಎಲ್ಲ ಕಂಪನಿಯ ಪೋಸ್ಟ್ ಬಾಕ್ಸಿಗೆ.
ಪೆಟ್ಟಿಗೆ ಅದೇ, ನಂಬರೂ ಅದೇ.
ಹೆಸರು, ಆಗ ಯಾರಿರುತ್ತಾರೋ ಅವರದು.’
‘ಹಾಗಾದರೆ ಮೊದಲಿದ್ದವರ ಕಾಗದ?’
ಅವರು ಕರ್ಪೂರದ ಡಬ್ಬಿ ಹುಡುಕತೊಡಗಿದರು.
ಅದು ಎದುರಿಗೇ ಇತ್ತು.

ಊಟವಾಗಿ, ಕಾಫಿ ಆರಿಸುತ್ತ, ತಾವಾಗಿಯೇ ಎತ್ತಿದರು:
‘ನಮ್ಮ ಹಿರಿಯರು ಹಿಂಡಿದ್ದೂ ಸೋಮವಲ್ಲ.
ಅದು ಎಂಥ ಬಳ್ಳಿಯೆಂದು ಆಗಲೇ ಯಾರಿಗೂ ಗೊತ್ತಿರಲಿಲ್ಲ.
ಸಿಗದಿದ್ದರೆ ಇದು, ಇದೂ ಸಿಗದಿದ್ದರೆ ಈ ಹುಲ್ಲು
ಎಂದು ಹಳೆಯ ಪೋಥಿಯಲ್ಲೇ ಇದೆ.
ಅಷ್ಟು ಹಿಂದೆಯೇ ಬದಲಿ ಬಂದಾಗಿತ್ತು.’
ಬದಲಿ: ನಮ್ಮ ಪಾಳಿಯ ಮಾತು.
ರಜೆ ಹೋದವನ ಕುರ್ಚಿಯಲ್ಲಿ ಕೂತು
ಅವನದೇ ಲಾಗ್ ಪುಸ್ತಕ ಮುಂದುವರಿಸುವವನು.
ಹೋದವನು ಬರುತ್ತಾನೆಂದೇ ಎಲ್ಲರ ಲೆಕ್ಕ.

ರಾತ್ರಿ ಬಾಲ್ಕನಿಯಲ್ಲಿ ನಿಂತಿದ್ದೆ.
ದನ ಹೊಡೆದುಕೊಂಡು ನಡೆದವರಂತೆ ಅವರು,
ಹಗ್ಗ ಹಿಡಿದು ನೆಲ ಅಳೆದು, ಇಟ್ಟಿಗೆಯಿಟ್ಟು ಉರಿ ಎಬ್ಬಿಸಿ,
ಮುಗಿದ ಮೇಲೆ ಜಾಗ ಬಿಟ್ಟು ಹೊರಟವರಂತೆ.
ಗುಡಿಯಿಲ್ಲ, ಮೂರ್ತಿಯಿಲ್ಲ.
ಎರಡು ವರ್ಷಕ್ಕೊಮ್ಮೆ ಮುದ್ರೆ ಒತ್ತಿಸಿಕೊಳ್ಳುವ ನಾವು
ಇಲ್ಲಿ, ಈ ಉಪ್ಪುನೆಲದಲ್ಲಿ,
ಅವರಿಗೇ ಹೆಚ್ಚು ಹತ್ತಿರವೇನೋ.
ಅಥವಾ ಇದು ಬರಿಯ ರಾತ್ರಿಪಾಳಿಯ ತಲೆ.
ದೂರದಲ್ಲಿ ಚಿಮಣಿ ತುದಿಯ ಜ್ವಾಲೆ
ಯಾರೂ ತುಪ್ಪ ಹೊಯ್ಯದೆ, ಸ್ವಾಹಾ ಅನ್ನದೆ,
ಹನ್ನೊಂದು ವರ್ಷದಿಂದ ನಾನು ನೋಡಿದಾಗೆಲ್ಲ ಉರಿಯುತ್ತಿದೆ.

ಫೋನು. ಸೋಮಯಾಜಿಗಳು, ಗಾಬರಿಯ ದನಿ:
‘ಅಮ್ಮಾ, ಆ ಟೋಪಿ ತೆಗೆದಿರಾ?’

ಸ್ಟೂಲು ಎಳೆದು ಹತ್ತಿದೆ.
ಪ್ಲಾಸ್ಟಿಕ್ಕಿನೊಳಗೆ ಕರ್ಪೂರದ ವಾಸನೆ ಇನ್ನೂ ಇತ್ತು.
ಸಾಸಿವೆಯಷ್ಟು ಕೆಂಪು
ನನ್ನ ಮುಖಕ್ಕೆ ನೇರ
ಒಮ್ಮೆ ಮಿಟುಕಿತು.