ಮುಚ್ಚಳದ ಅಳತೆ

ಹದಿನೇಳು ವರ್ಷ ವಿಲ್ಸನ್ ಗಾರ್ಡನ್ನಿನ ಮೆಡಿಕಲ್ ಸ್ಟೋರಿನಲ್ಲಿ
ಟಾನಿಕ್ ಮಾರಿದವನು ನಾನು.
ಹಸಿವಿಗೆ, ಸುಸ್ತಿಗೆ, ಎತ್ತರಕ್ಕೆ, ಬುದ್ಧಿಗೆ.
ಬಂದವರ ಕಣ್ಣು ನೋಡಿಯೇ
ಯಾವ ಬಣ್ಣದ ಬಾಟಲಿ ಅಂತ ಹೇಳಬಲ್ಲೆ.
ಒಳಗೇನಿದೆ? ಸಕ್ಕರೆ, ಬಣ್ಣ, ಒಂದಿಷ್ಟು ಕಬ್ಬಿಣ,
ಲೇಬಲ್ಲಿನ ಮೇಲೊಂದು ಓಡುವ ಕುದುರೆ.

ಅಂಥವನು ಹೋಗಿ
ಸಿದ್ದಾಪುರದ ನರ್ಸರಿ ಸಾಲಿನಲ್ಲಿ
ಕಡಲಪಾಚಿಯ ರಸ ಅಂತ ಇನ್ನೂರೆಂಬತ್ತು ಕೊಟ್ಟು ತಂದೆ.
ಜೊತೆಗೆ ಹತ್ತೊಂಬತ್ತು ಹತ್ತೊಂಬತ್ತು ಹತ್ತೊಂಬತ್ತು,
ಬಸ್ಸಿನ ನಂಬರಿನಂಥ ಗೊಬ್ಬರ.
ಮೂರನೇ ಮಹಡಿ, ನೀರಿನ ಟ್ಯಾಂಕಿನ ಪಕ್ಕ
ಪೇಂಟ್ ಡಬ್ಬದಲ್ಲಿ ಪಂಕಜಳ ದುಂಡುಮಲ್ಲಿಗೆ.
ಎರಡು ಬೇಸಿಗೆ ದಾಟಿದರೂ
ಒಂದು ಮೊಗ್ಗಿಲ್ಲ.

ಲೀಟರಿಗೆ ಎರಡು ಎಂ.ಎಲ್. ಅಂತಿತ್ತು.
ಅಳತೆಗೆ ಕೆಮ್ಮಿನ ಸಿರಪ್ಪಿನ ಮುಚ್ಚಳ,
ಮಗಳು ಚಿಕ್ಕವಳಿದ್ದಾಗಿನದು,
ಅಂಚಿನಲ್ಲಿ ಅವಳ ಹಲ್ಲಿನ ಗುರುತು.
ಎರಡರ ಗೆರೆ ಅಳಿಸಿಹೋಗಿತ್ತು. ಐದರದ್ದು ಕಾಣುತ್ತಿತ್ತು.
ಐದೇ ಹಾಕಿದೆ.
ಎಷ್ಟು ಜನಕ್ಕೆ ಬೈದಿದ್ದೇನೆ ಕೌಂಟರಿನಲ್ಲಿ,
'ಜಾಸ್ತಿ ಕುಡಿಸಿದ್ರೆ ಬೇಗ ವಾಸಿಯಾಗಲ್ಲ ತಾಯಿ' ಅಂತ.

ಗಿಡ ಬೆಳೆಯಿತು.
ಅಂದರೆ, ಎಲೆ ಬೆಳೆಯಿತು.
ಅಂಗೈಯಗಲ, ಕರಿಹಸಿರು, ಎಣ್ಣೆ ಹಚ್ಚಿದಂಥ ಎಲೆ.
ಟ್ಯಾಂಕಿನ ಏಣಿ ಹತ್ತಿ
ಪಕ್ಕದ ಮನೆ ಜುಬೇದಾಬೀಯ ಬಟ್ಟೆ ಹಗ್ಗ ಹಿಡಿಯಿತು.
ಬಂದವರೆಲ್ಲ 'ಏನು ಹಾಕ್ತೀರಿ?' ಅಂದರು.
ಪಂಕಜ ಸಂಜೆ ಸಂಜೆ ಎಲೆ ಸರಿಸಿ ಸರಿಸಿ ನೋಡಿ
ಖಾಲಿ ಕೈಯಲ್ಲಿ ಇಳಿದು ಬಂದಳು.
ನಾಲ್ಕನೇ ಕ್ರಾಸಿನ ಮೂಲೆಯಲ್ಲಿ
ಒಂದು ಮೊಳ ಕೊಂಡು ಮುಡಿದಳು,
ನನ್ನ ಮುಖ ನೋಡದೆ.

ನರ್ಸರಿಯ ಮುನಿಶಾಮಪ್ಪ ಫೋಟೋ ನೋಡಿ ನಕ್ಕ:
'ಉಂಡು ಮಲಗವ್ಳೆ ಸಾರ್ ಇವ್ಳು.
ಹೂವಾಗೋ ದರ್ದು ಏನೈತೆ?
ಗೊಬ್ಬರ ನಿಲ್ಸಿ. ಎಲೆ ಬೋಳಿಸಿ.
ಹದಿನೈದು ದಿನ ನೀರೂ ತೋರಿಸ್ಬೇಡಿ.'

ಹದಿನೈದು ದಿನ!
ಏನೂ ಕೊಡದೆ ಯಾರನ್ನೂ
ವಾಪಸ್ಸು ಕಳಿಸಿ ಅಭ್ಯಾಸವಿಲ್ಲದವನು
ದಿನಾ ಹೋಗಿ ಒಣಮಣ್ಣು ಮುಟ್ಟಿ ಬಂದೆ.
ಬೋಳು ಕಡ್ಡಿಗಳು, ಜ್ವರ ಬಿಟ್ಟ ಮಗುವಿನ ಕೈಯಂಥವು.
ಹನ್ನೊಂದನೇ ರಾತ್ರಿ, ಒಪ್ಪಿಕೊಳ್ಳುತ್ತೇನೆ,
ಒಂದು ಲೋಟ ಸುರಿದೆ, ಕಳ್ಳನ ಹಾಗೆ.
ತಿರುಗಿದರೆ ಮೆಟ್ಟಿಲ ಮೇಲೆ ಪಂಕಜ,
ಸೆರಗಿನ ಮರೆಯಲ್ಲಿ ಅವಳದೂ ಒಂದು ಲೋಟ.

ಇವತ್ತು ಗೆಣ್ಣಿನ ಸಂದಿಯಲ್ಲಿ
ಅಕ್ಕಿಕಾಳಿನಷ್ಟು ಬಿಳುಪು.
ಮೊಗ್ಗೋ, ಡಬ್ಬದಿಂದ ಹಾರಿದ ಪೇಂಟಿನ ಚೂರೋ,
ಕನ್ನಡಕ ತರಲು
ಇಬ್ಬರೂ ಕೆಳಗಿಳಿಯಲಿಲ್ಲ.