ಬುರುಡೆ

ಕೂತ್ಕೊಳ್ಳಿ ಮೇಡಂ. ಆ ಕುರ್ಚಿ ಬೇಡ,
ಅದರ ಕಾಲೂ ನನ್ನ ಕಾಲಿನ ಹಾಗೇ.
ಜೀವನಚರಿತ್ರೆ ಬರೀತೀರಂತೆ, ಮಾಲಿಕೆಯಂತೆ,
ಲೋಕದ ದೊಡ್ಡ ವಿಜ್ಞಾನಿಗಳ ಸಾಲಿನಲ್ಲಿ
ನಮ್ಮ ಮಂದಾರವಲ್ಲಿ ಡಾಕ್ಟರಿಗೂ ಎಂಟು ಪುಟ.
ಸಂತೋಷ.
ಇನ್‌ಸ್ಟಿಟ್ಯೂಟಿನಲ್ಲಿ ಯಾರೋ ಅಂದಿರಬೇಕು:
ಮತ್ತಿಕೆರೆಯಲ್ಲಿ ಚೌರಪ್ಪ ಇನ್ನೂ ಇದ್ದಾನೆ, ಹೋಗಿ ಕೇಳಿ.

ಇದ್ದೇನೆ.
ಮೂವತ್ತೆಂಟು ವರ್ಷ ಗಾಜು ಊದಿದೆ.
ಭಾನುವಾರ ಚರ್ಚಿನಲ್ಲಿ ಹಾಡುವಾಗ ಮಾತ್ರ
ಈ ಉಸಿರು ಬೇರೆ ಕೆಲಸ ಮಾಡಿದ್ದು.

ಊದೋದು ಅಂದರೆ ಬಲೂನಲ್ಲ.
ಎಡಗೈ ತಿರುಗಿದಷ್ಟೇ ಬಲಗೈ ತಿರುಗಬೇಕು,
ಮುದ್ದೆ ಕಟ್ಟುವಾಗ ಹೊರಳಿಸಿದ ಹಾಗೆ, ನಿಲ್ಲಿಸದೆ.
ನಿಲ್ಲಿಸಿದಿರೋ, ಜೋತುಬಿತ್ತು, ಹಸುಗೂಸಿನ ಕತ್ತು.
ಉರಿಯ ಹಳದಿ ಕಣ್ಣು ಕುಕ್ಕುತ್ತದೆ.
ಅದಕ್ಕೊಂದು ಕನ್ನಡಕ ಇತ್ತು, ತಿಳಿನೇರಳೆ;
ಹಾಕಿದರೆ ಹಳದಿಯೆಲ್ಲ ಮಾಯ,
ಗಾಜೊಂದೇ ಕಾಣುತ್ತದೆ, ಬೆತ್ತಲೆ, ಕೆಂಪಗೆ.
ನೀವೂ ಅಂಥದೊಂದು ಹಾಕ್ಕೊಂಡು ಬರೀರಿ.

ಹುಟ್ಟಿದ ಇಸವಿ, ಓದಿದ ಶಾಲೆ, ಬಂದ ಪದಕ
ನನಗೆ ಗೊತ್ತಿಲ್ಲ.
ಗೊತ್ತಿರೋದು ಇಷ್ಟು:
ಅವರು ನಕ್ಷೆ ಬರೆದು ತರುತ್ತಿದ್ದದ್ದು ಬಸ್ ಟಿಕೆಟ್ಟಿನ ಹಿಂದೆ.
ಬಿಟಿಎಸ್ ಟಿಕೆಟ್ಟು, ಹೆಬ್ಬೆರಳಗಲ; ಅದರಲ್ಲೇ
ಮೂರು ಕೊಳವೆ, ಎರಡು ತಿರುಪು, ನಡುವೆ ಒಂದು ಬುರುಡೆ,
ಅಂಚಿನಲ್ಲಿ ಪೆನ್ಸಿಲ್ಲಿನ ‘ದಯವಿಟ್ಟು’.
ಆ ಕಾಲದಲ್ಲಿ ಚೌರಪ್ಪನಿಗೆ ದಯವಿಟ್ಟು ಅಂದವರು
ಅವರೊಬ್ಬರು, ಆಮೇಲೆ ಸಾಲ ಕೇಳಿದ ಭಾವಮೈದ.

ಡಿಸೆಂಬರು. ಅವರೆಕಾಯಿ ಕಾಲ.
ಡಬ್ಬಿಯಲ್ಲಿ ಹಿದುಕಿದ ಬೇಳೆ ಸಾರು ತಂದು
ಉರಿಯ ಪಕ್ಕ ಬಿಸಿಗಿಟ್ಟು ಮರೆತುಬಿಡೋರು.
ಮೊದಲ ಬುರುಡೆ ಒಡೆಯಿತು.
ಎರಡನೆಯದು. ಐದನೆಯದು.
ಏಳನೆಯದಕ್ಕೆ ಇಂಗ್ಲಿಷಿನಲ್ಲಿ ಬೈದರು,
ಒಂಬತ್ತನೆಯದಕ್ಕೆ ಕನ್ನಡದಲ್ಲಿ; ಅದು ನಾಟಿತು.
ಕೆಲಸ ಬಿಟ್ಟು ಹೊರಗೆ ಮರದ ಕೆಳಗೆ ಕೂತೆ.
ಬಂದರು. ತಪ್ಪಾಯಿತು ಅನ್ನಲಿಲ್ಲ,
ಬೀಡಿ ಇದೆಯಾ ಅಂದರು.
ಇದನ್ನು ಬರೀಬೇಡಿ.
ಬೇಕಾದರೆ ಬರೀರಿ, ಈಗ ಕೇಳೋರು ಯಾರಿದ್ದಾರೆ.

ತಪ್ಪು ನನ್ನದೇ. ಅವರ ಅವಸರಕ್ಕೆ ಬೇಗ ತಣಿಸುತ್ತಿದ್ದೆ.
ಗಾಜಿನೊಳಗೆ ಕಾಣದ ಒತ್ತಡ ಕೂತಿರುತ್ತದೆ,
ಹೊರಗಿಂದ ನೋಡಿದರೆ ನೀರಿನ ಹಾಗೆ ತಿಳಿ;
ಯಾವತ್ತೋ ರಾತ್ರಿ, ಯಾರೂ ಮುಟ್ಟದೆ, ಟಕ್.
ಆ ವರ್ಷ ಅವರ ಗಂಡ ಮನೆ ಬಿಟ್ಟು ಹೋಗಿದ್ದರು ಅಂತ
ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ.

ಹದಿನೆಂಟನೆಯದನ್ನು ಎರಡು ದಿನ ಆರಲು ಬಿಟ್ಟೆ,
ಬಾಣಂತಿಯನ್ನಿಟ್ಟಂತೆ ಬೆಚ್ಚಗೆ.
ಅವರು ಪಂಪಿಗೆ ಕೂಡಿಸಿದರು.
ಇಲ್ಲಿದೆ ನೋಡಿ ತಮಾಷೆ:
ಆ ಬುರುಡೆ ಆದದ್ದು ನನ್ನ ಉಸಿರಿನಿಂದ;
ಅವರ ಪ್ರಯೋಗ ಶುರುವಾಗೋದು
ಆ ಉಸಿರನ್ನು ಪೂರ್ತಿ ಹೀರಿ ಆಚೆಗೆ ಹಾಕಿದ ಮೇಲೆ.
ರಾತ್ರಿಯಿಡೀ ಪಂಪು ಗೊಣಗಿತು.
ಬೆಳಗಿನ ಜಾವ ಮುಳ್ಳು ಸೊನ್ನೆಗೆ ಒರಗಿದಾಗ
ಮುಚ್ಚಿ ಚೌರಪ್ಪ, ಅಂದರು. ಕತ್ತನ್ನು ಉರಿಯಲ್ಲಿ ಹಿಂಡಿ ಮುಚ್ಚಿದೆ.
ಬೆಳಕು ಹಾಯಿಸಿ ಅದೇನೋ ಅಳೆದರು;
ಅವರ ಹೆಸರಿನದೇ ಒಂದು ಸಮೀಕರಣ ಆಯಿತಂತೆ,
ಜರ್ಮನಿಯ ಹುಡುಗರೂ ಬಾಯಿಪಾಠ ಮಾಡ್ತಾರಂತೆ.

ಲೇಖನದ ತುದಿಗೊಂದು ಸಾಲಿತ್ತು, ಮಗಳು ಓದಿ ಹೇಳಿದಳು:
ಗಾಜಿನ ಉಪಕರಣ ಒದಗಿಸಿದ ಕಾರ್ಯಾಗಾರಕ್ಕೆ ಕೃತಜ್ಞತೆ.
ಕಾರ್ಯಾಗಾರಕ್ಕೆ ಬಾಯಿ ಇರುತ್ತದೆಯೇ ಮೇಡಂ, ಊದಲಿಕ್ಕೆ?

ಅಗೋ, ಮೇಲೆ, ಮಾತೆಯ ಪಟದ ಪಕ್ಕ.
ನಾನು ರಿಟೈರಾದ ದಿನ ಅವರೇ ತಂದರು,
ಹಳೇ ಸೀರೆಯಲ್ಲಿ ಸುತ್ತಿ, ಆಟೋದಲ್ಲಿ ಮಡಿಲಲ್ಲಿಟ್ಟುಕೊಂಡು.
ಮೊಮ್ಮಗ ಅದನ್ನು ಕೆಟ್ಟ ಬಲ್ಬು ಅಂತಾನೆ.
ಎರಡು ಕೈಯಲ್ಲಿ ಹಿಡೀರಿ.
ಒಳಗೆ ಏನಿಲ್ಲ. ಐವತ್ತು ವರ್ಷದಿಂದ ಏನಿಲ್ಲ.
ಲಾರಿ ಹೋದರೆ ಕಿಟಕಿ ನಡುಗುವ ಈ ಬೀದಿಯಲ್ಲಿ
ಊರಿನ ಗಾಳಿ ಒಂದು ಗುಟುಕೂ ಒಳಗೆ ಬಂದಿಲ್ಲ.
ಆ ಏನಿಲ್ಲ ಅನ್ನೋದು ಅವರದು.
ಸುತ್ತ ಇರೋ ಇಷ್ಟು ತೆಳ್ಳನೆಯದು ನನ್ನದು.

ಮುದುಕ ಬುರುಡೆ ಬಿಡ್ತಾನೆ ಅಂದ್ಕೊಂಡಿರಾ?
ಕಾಫಿ ಬಿಸಿ ಇದೆ.
ತಾನಾಗಿ ಆರಲಿ, ಊದಬೇಡಿ.