ಉಲ್ಟಾ ಅಕ್ಷರ

ಮನಾಮದ ಸೂಕಿನಲ್ಲಿ ಮೂರನೇ ಓಣಿ,
ದೇಜಪ್ಪಣ್ಣನ ಅಂಗಡಿ: ನಾಲ್ಕು ಮೊಳ ಅಗಲ,
ಒಂದು ಫ್ಯಾನು, ಸುಟ್ಟ ರಬ್ಬರಿನ ವಾಸನೆ.
ಹೆಜಮಾಡಿಯಲ್ಲಿ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು
ಇಲ್ಲಿ ಮೂರು ಲಿಪಿಗಳನ್ನು ಬೆನ್ನ ಕಡೆಯಿಂದ ಬಲ್ಲರು.

"ನೋಡು ಮಾರಾಯ," ಅನ್ನುತ್ತಿದ್ದರು ಬ್ಲೇಡು ಎತ್ತಿ,
"ಅರಬಿ ಬಲದಿಂದ ಎಡಕ್ಕೆ. ಮೊಹರಿಗೆಂದು ತಿರುಗಿಸಿ ಕೆತ್ತಿದರೆ
ನಮ್ಮ ಕನ್ನಡದ ಹಾಗೇ ನಡೆಯುತ್ತದೆ.
ಇಂಗ್ಲಿಷು ಮಾತ್ರ
ಹಿಂದೆ ಹಿಂದೆ ಈಜುವ ಸಿಗಡಿ."

ಆಗ ಕೆತ್ತುತ್ತಿದ್ದುದು ಹೆಚ್ಚಾಗಿ ಕಿರೀಟ.
ಏಜೆನ್ಸಿಯ ಕಿರೀಟ, ಜುಫೇರಿನ ನೌಕಾನೆಲೆಯ ಉಗ್ರಾಣದ ಕಿರೀಟ,
ನೆತ್ತಿಯ ಮೇಲೆ ನುಚ್ಚಕ್ಕಿಯಷ್ಟು ಶಿಲುಬೆ.
ಊರಲ್ಲಿ ಅದನ್ನು ನಲವತ್ತೇಳರಲ್ಲೇ ಕಳಿಸಿದ್ದೆವು;
ಹಡಗು ಹತ್ತಿ ಬಂದರೆ
ನಮಗಿಂತ ಮೊದಲೇ ಇಲ್ಲಿ ಕೂತಿತ್ತು,
ಕಿಸೆಯಲ್ಲಿ ನಮ್ಮದೇ ರೂಪಾಯಿ ಇಟ್ಟುಕೊಂಡು.

ಅರವತ್ತೈದರ ಮಾರ್ಚಿನಲ್ಲಿ ಸಿತ್ರಾದ ಹಬೀಲ್ ಬಂದ.
ಎಣ್ಣೆ ಕಂಪೆನಿ ನೂರಾರು ಜನರನ್ನು ಕೆಲಸದಿಂದ ಕಿತ್ತಿತ್ತು.
ಅವನಪ್ಪ ಮುತ್ತಿಗೆ ಮುಳುಗಿ ಮುಳುಗಿ ಕಿವಿ ಕಳಕೊಂಡವನು.
"ಮೊಹರು ಬೇಕು. ಕಾರ್ಮಿಕರ ಸಂಘ ಅಂತ."
"ಸಂಘಕ್ಕೆ ಪರವಾನಗಿ?"
"ಪರವಾನಗಿ ಇದ್ದಿದ್ದರೆ ರಾತ್ರಿ ಬರುತ್ತಿದ್ದೆನೇ?"
ದೇಜಪ್ಪಣ್ಣ ನಗಲಿಲ್ಲ. ಬಾಗಿಲು ಅರ್ಧ ಎಳೆದರು.
ನಾನು ಟಾರ್ಚು ಹಿಡಿದೆ.
ದುಡ್ಡು ಕೇಳಲಿಲ್ಲ. ಅದು ದೊಡ್ಡತನವೋ, ಬೇಗ ಹೋಗಲೆಂಬ ಹೆದರಿಕೆಯೋ,
ಇವತ್ತಿಗೂ ನನಗೆ ಗೊತ್ತಿಲ್ಲ.

ಮರುವಾರ ಓಣಿ ತುಂಬ ಒಂಟಿ ಚಪ್ಪಲಿಗಳು, ಕಣ್ಣುರಿವ ಹೊಗೆ.
ಹಬೀಲನನ್ನು ಜೈಲಿನ ದ್ವೀಪಕ್ಕೆ ಒಯ್ದರಂತೆ, ಕಲ್ಲು ಒಡೆಯಲು.

ಆಮೇಲೆ, ಎಪ್ಪತ್ತೊಂದರ ಆಗಸ್ಟ್ ಹದಿನೈದು.
ದೇಜಪ್ಪಣ್ಣ ರೇಡಿಯೋಗೆ ಒಂದು ಪೆಟ್ಟು ಕೊಟ್ಟರು:
"ನಮ್ಮದನ್ನೇ ಹೇಳುತ್ತಿದೆಯೋ ಇದು?"
ಅಲ್ಲ. ಇವರದು.
ಬಿಸಿಲು, ಬೆವರು, ಐಸ್ ಗಾಡಿಯವನ ಕೂಗು.
ಕಿರೀಟ ಇಳಿಯುವಾಗ ಸದ್ದಾಗುತ್ತದೆಂದು
ನಾನು ಕಾಯುತ್ತಿದ್ದೆ.

ಸದ್ದು ಬಂದದ್ದು ವಾರ ಕಳೆದು: ಮೂರು ಗೋಣಿ ಹಳೆಯ ಮೊಹರು
ಅಂಗಡಿಯೆದುರು ಸುರಿದ ಸದ್ದು.
ತಂದವನು ಹಬೀಲ್. ಇಸ್ತ್ರಿಯ ಬಿಳಿ ತೋಬು,
ಹೊಸ ಸರಕಾರದ ಗುಮಾಸ್ತ. ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ.
"ಕಿರೀಟ ಕಿತ್ತು ಹೊಸದು ಹಚ್ಚಿ. ಹಿಡಿಗಳು ಗಟ್ಟಿ ತೇಗ,
ಬಿಸಾಡುವುದು ಬೇಡ."

ಒಂದು ತಿಂಗಳು ಹಚ್ಚಿದೆವು.
ಯಾವ್ಯಾವ ಸಾಹೇಬರದೋ ಹೆಬ್ಬೆರಳು ಸವೆಸಿದ ಗುಳಿ
ಹಿಡಿಯಲ್ಲಿ ಹಾಗೇ ಇತ್ತು. ಅದರಡಿ ಹೊಸ ದೇಶದ ಹೆಸರು,
ಎಡದಿಂದ ಬಲಕ್ಕೆ.

ಕೊನೆಗೊಂದು ಸಣ್ಣದು ಉಳಿಯಿತು.
ರಬ್ಬರಿನಲ್ಲಿ ನನಗೆ ಓದಲಾಗಲಿಲ್ಲ; ಕಾಗದಕ್ಕೆ ಒತ್ತಿದ ಮೇಲೆ ಓದಿದೆ:
ಅಜ್ನಬಿ.
"ಹೊರಗಿನವರ ಪಾಸ್‌ಪೋರ್ಟಿಗೆ," ಅಂದ ಹಬೀಲ್, ಗೋಡೆ ನೋಡುತ್ತ.
ತಾನೇ ಚಹಾ ತರಿಸಿದ. ಯಾರೂ ಕುಡಿಯಲಿಲ್ಲ.

ದೇಜಪ್ಪಣ್ಣ ಮೊಹರಿಗೆ ಉಫ್ ಎಂದು ಊದಿ
ತನ್ನ ಅಂಗೈಗೆ ಒತ್ತಿಕೊಂಡು, ಬೆಳಕಿಗೆ ಹಿಡಿದರು.
"ಚುಕ್ಕೆ ಸ್ವಲ್ಪ ಓರೆಯಾಗಿದೆ," ಅಂದರು.
"ಇರಲಿ, ಇನ್ನೊಂದು ಕೆತ್ತಿ ಕೊಡುತ್ತೇನೆ."